ಡ್ರೈವರ್‌ಗೆ ಒಂದು ಮಂಚ

ಬೆಂಗಳೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟಾಗ ನಾವು ಐದು ಮಂದಿ: ಎಪ್ಪತ್ತು ದಾಟಿದ ನನ್ನ ತಾಯಿ, ಪತ್ನಿ, ಇಬ್ಬರು ಮಕ್ಕಳು ಮತ್ತು ನಾನು. ಬಾಡಿಗೆ ಕಾರಿನ ಚಾಲಕರನ್ನು ಸೇರಿಸಿದರೆ ಆರು. ಈ ಆರನೆಯವರನ್ನು ಬಿಟ್ಟು ಲೆಕ್ಕ ಹೇಳುವುದು ನಮ್ಮಂಥವರ ರೂಢಿ. ಐಹೊಳೆ, ಪಟ್ಟದಕಲ್ಲು, ಬಾದಾಮಿಗಳನ್ನು ಮಕ್ಕಳಿಗೆ ತೋರಿಸಬೇಕೆಂಬುದು ಉದ್ದೇಶ. ಆದರೆ ಚಿತ್ರದುರ್ಗದ ಕೋಟೆಯೇ ಮೂರು ತಾಸು ನುಂಗಿತು. ಹೊಸಪೇಟೆ ದಾಟುವಷ್ಟರಲ್ಲಿ ಕತ್ತಲಾಯಿತು. ಕುಷ್ಟಗಿಯಿಂದ ಇಳಕಲ್ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿಗಳ ಸಾಲು. ಹಿಂದಿನ ಸೀಟಿನಲ್ಲಿ ತಾಯಿಯ ಸೊಂಟನೋವು. ಮುಂದೆ ಕಂಡ ಮೊದಲ ಲಾಜಿಗೆ ಕಾರು ತಿರುಗಿಸಲು ಹೇಳಿದೆ.

ಎರಡಂತಸ್ತಿನ ಸಾಧಾರಣ ಕಟ್ಟಡ. ಕೆಳಗೆ ಖಾನಾವಳಿ, ಮೇಲೆ ಹತ್ತೋ ಹನ್ನೆರಡೋ ಕೋಣೆ. ಎರಡು ಕೋಣೆಗೆ ಒಟ್ಟು 2,200 ರೂಪಾಯಿ. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು, ಟಿ.ವಿ. ಕೆಟ್ಟಿತ್ತು. ಆದರೆ ಹಾಸಿಗೆಯ ಮೇಲಿನ ಚಾದರ ಒಗೆದು ಒಣಗಿಸಿದ್ದು, ಬಚ್ಚಲಿನಲ್ಲಿ ವಾಸನೆಯಿಲ್ಲ, ಬಿಸಿನೀರು ನಿಜಕ್ಕೂ ಬಿಸಿಯಾಗಿತ್ತು. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತಾರಲ್ಲ, ಇಲ್ಲಿ ಕೊಟ್ಟ ಕಾಸಿಗಿಂತ ಕಜ್ಜಾಯವೇ ತುಸು ದೊಡ್ಡದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡ ಮೇಲೆ ನನ್ನ ತಾಯಿ ಸೊಂಟದ ಮಾತೆತ್ತಲಿಲ್ಲ.

ಇಷ್ಟೇ ಆಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬರೆಯುವಾಗ ಲಾಜಿನ ಯಜಮಾನರು ಕೇಳಿದ ಪ್ರಶ್ನೆ ಇದಕ್ಕೆ ಕಾರಣ. ‘ಗಾಡಿ ನೀವ ಹೊಡೀತೀರೋ, ಡ್ರೈವರ್ ಅದಾರೋ?’ ಇದ್ದಾರೆ ಎಂದೆ. ‘ಹಂಗಾರ ಅವರ ಹೆಸರೂ ಬರೀರಿ. ಹಿಂದ ಹಾಲ್ ಐತಿ, ನಾಕು ಮಂಚ ಅದಾವ, ಫ್ಯಾನೂ ಐತಿ.’ ಬಾಡಿಗೆ ಎಷ್ಟೆಂದು ಕೇಳಿದೆ. ‘ಅದಕ್ಕ ರೊಕ್ಕಿಲ್ರಿ. ಅವರು ನಿದ್ದಿ ಮಾಡಿದ್ರ ನೀವು ಊರು ಮುಟ್ಟತೀರಿ’ ಎಂದರು.

ಆ ಮಾತು ನನ್ನನ್ನು ಚುಚ್ಚಿದ್ದಕ್ಕೆ ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಊರೊಂದರ ಹೋಟೆಲಿನಲ್ಲಿ ಇದಕ್ಕೆ ಮೂರು ಪಟ್ಟು ಹಣ ತೆತ್ತು ತಂಗಿದ್ದೆವು. ಸ್ವಾಗತ ಕೋಣೆಯಲ್ಲಿ ಮೀನಿನ ತೊಟ್ಟಿ, ಬಂದವರಿಗೆಲ್ಲ ಕೋಕಂ ಶರಬತ್ತು. ಚಾಲಕರು ಎಲ್ಲಿ ಮಲಗಿದರೆಂದು ನಾನು ಕೇಳಲಿಲ್ಲ. ಹೋಟೆಲಿನವರೂ ಹೇಳಲಿಲ್ಲ. ಮರುದಿನ ಘಟ್ಟ ಹತ್ತುವಾಗ ತಿರುವೊಂದರಲ್ಲಿ ಕಾರು ಎಡಕ್ಕೆ ವಾಲಿ ತಡೆಗೋಡೆಯ ಹತ್ತಿರಕ್ಕೆ ಹೋಗಿ, ತಟ್ಟನೆ ನೇರವಾಯಿತು. ಪತ್ನಿ ಕಿರುಚಿದಳು. ‘ಸ್ವಲ್ಪ ಎಚ್ಚರಿಕೆಯಿಂದ ಓಡಿಸಿ’ ಎಂದು ನಾನು ಗದರಿದೆ. ಆತ ಕ್ಷಮೆ ಕೇಳಿದರು. ಚಹಾಕ್ಕೆ ನಿಂತಾಗ ತಿಳಿದದ್ದು: ರಾತ್ರಿಯಿಡೀ ಕಾರಿನೊಳಗೇ ಇದ್ದರು, ಕಿಟಕಿ ಇಳಿಸಿದರೆ ಸೊಳ್ಳೆ, ಏರಿಸಿದರೆ ಸೆಕೆ. ಬೆಳಗಿನ ಶೌಚಕ್ಕೆ ಬಸ್ ನಿಲ್ದಾಣದವರೆಗೆ ನಡೆದು ಹೋಗಿದ್ದರು. ಕಾರಿನಲ್ಲಿ ಎಚ್ಚರಿಕೆ ತಪ್ಪಿದವರು ಯಾರೆಂಬ ಪ್ರಶ್ನೆಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ.

ದಾರಿಹೋಕನ ಜೊತೆಗೆ ಅವನನ್ನು ಹೊತ್ತು ತಂದವರಿಗೂ ತಾಣ ಬೇಕೆಂಬುದು ಹೊಸ ವಿಚಾರವೇನಲ್ಲ. ಬ್ರಿಟಿಷರ ಕಾಲದ 1867ರ ಸರಾಯಿ ಕಾಯ್ದೆಯನ್ನೇ ನೋಡಿ. ಕೋಣೆ, ಜಗಲಿ, ಚರಂಡಿಗಳನ್ನು ಶುಚಿಯಾಗಿಡಬೇಕು, ಬಾಡಿಗೆ ದರದ ಪಟ್ಟಿ ತೂಗುಹಾಕಬೇಕು, ಕಾವಲುಗಾರರನ್ನು ನೇಮಿಸಬೇಕು ಎಂದ ಆ ಕಾಯ್ದೆ, ಅಲ್ಲಿ ತಂಗುವ ಮನುಷ್ಯರಿಗೂ ಪ್ರಾಣಿಗಳಿಗೂ ನೀರೊದಗಿಸುವ ಬಾವಿ–ಕೆರೆಗಳನ್ನು ಸ್ವಚ್ಛವಾಗಿಡುವುದು ಸರಾಯಿಯ ಉಸ್ತುವಾರಿಯ ಹೊಣೆ ಎಂದಿತ್ತು. ಗಾಡಿ ಎಳೆದ ಎತ್ತು, ಟಾಂಗಾ ಎಳೆದ ಕುದುರೆ ಕಾನೂನಿನ ಕಣ್ಣಿಗೆ ಬಿದ್ದಿದ್ದವು. ನಮ್ಮ ಹೋಟೆಲುಗಳು ಇಂದು ವಾಹನಕ್ಕೆ ನೆರಳು ಕೊಡುತ್ತವೆ, ಕೆಲವೆಡೆ ವಿದ್ಯುತ್ ಕಾರಿಗೆ ಚಾರ್ಜಿಂಗ್ ವ್ಯವಸ್ಥೆಯೂ ಉಂಟು. ಅದನ್ನು ಓಡಿಸಿ ತಂದ ಮನುಷ್ಯ ಮಾತ್ರ ಎತ್ತಿಗಿಂತ ಕಡೆಯಾದ.

ಸ್ವತಂತ್ರ ಭಾರತದ ಕಾನೂನು ಇವರನ್ನು ಪೂರ್ತಿ ಮರೆತಿತ್ತು ಎಂದೂ ಹೇಳಲಾಗದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು, ಕಾರ್ಮಿಕರು ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ವಿಶ್ರಾಂತಿ ಕೊಠಡಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿರುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಸಾಲ ಮಾಡಿ ಒಂದೇ ಕಾರು ಕೊಂಡು ತಾನೇ ಮಾಲೀಕ, ತಾನೇ ಚಾಲಕ ಆದವನಿಗೆ ಯಾರು ಕೊಠಡಿ ಕೊಡಬೇಕು? ನಮ್ಮ ಕುಟುಂಬಗಳನ್ನು ಪ್ರವಾಸಕ್ಕೆ ಕರೆದೊಯ್ಯುವವರಲ್ಲಿ ಇಂಥವರೇ ಎಷ್ಟೋ ಮಂದಿ.

‘ದಿನದ ಬಾಟಾ ಕೊಡುತ್ತೇವಲ್ಲ’ ಎಂಬುದು ನಮ್ಮ ಸಿದ್ಧ ಉತ್ತರ. ನಾನೂ ಅದನ್ನೇ ಹೇಳುತ್ತಿದ್ದವನು. ಆ ಹಣದಲ್ಲಿ ಊಟ ಮುಗಿಸಿ, ಉಳಿದದ್ದರಲ್ಲಿ ಕೋಣೆ ಹಿಡಿಯುವುದು ಸಾಧ್ಯವೇ ಎಂದು ಲೆಕ್ಕ ಹಾಕಿದವರು ಕಡಿಮೆ. ಕೋಣೆಗೆಂದೇ ಹೆಚ್ಚು ಹಣ ಕೊಟ್ಟರೂ ಆತ ಅದನ್ನು ಮಗಳ ಶಾಲಾ ಶುಲ್ಕಕ್ಕೆ ಉಳಿಸಿ ಕಾರಿನಲ್ಲೇ ಮಲಗುವುದುಂಟು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಆದ್ದರಿಂದಲೇ ಹಣಕ್ಕಿಂತ ಮಂಚ ಇರಬೇಕು, ಮಂಚ ಹೋಟೆಲಿನಲ್ಲೇ ಇರಬೇಕು ಎನ್ನುವುದು.

ಇದು ಕರುಣೆಯ ಮಾತಷ್ಟೇ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ದೇಶದ ಒಟ್ಟು ರಸ್ತೆ ಜಾಲದಲ್ಲಿ ಶೇ 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಶೇ 36ರಷ್ಟು ಸಾವುಗಳಾದವು. ಪೊಲೀಸ್ ದಾಖಲೆಯಲ್ಲಿ ಕಾರಣದ ಕಾಲಂ ಬಹುಪಾಲು ‘ಅತಿವೇಗ’ ಎಂದೇ ತುಂಬಿರುತ್ತದೆ. ಕುಡಿದವನನ್ನು ಹಿಡಿಯಲು ಊದುವ ಯಂತ್ರವಿದೆ. ಹಿಂದಿನ ರಾತ್ರಿ ನಿದ್ದೆಗೆಟ್ಟವನನ್ನು ರಸ್ತೆಬದಿಯಲ್ಲಿ ಅಳೆಯುವುದು ಹೇಗೆ?

ತಮಿಳುನಾಡು 2023ರಲ್ಲಿ ತನ್ನ ಕಟ್ಟಡ ನಿಯಮಗಳನ್ನು ತಿದ್ದುಪಡಿ ಮಾಡಿ, ಅತಿಥಿಗಳ ವಾಹನ ಚಾಲಕರಿಗೆ ಶೌಚಾಲಯ, ಸ್ನಾನಗೃಹ ಸಹಿತವಾದ ಮಲಗುವ ಕೋಣೆಯನ್ನು ಹೋಟೆಲು–ಲಾಜುಗಳು ಒದಗಿಸುವುದನ್ನು ಕಡ್ಡಾಯಗೊಳಿಸಿತು. ನಿಯಮ ಬರೆದ ಮಾತ್ರಕ್ಕೆ ಮಂಚ ಬಂದು ಬೀಳುವುದಿಲ್ಲ, ನಿಜ. ಆದರೆ ಹೋಟೆಲಿಗೆ ಅನುಮತಿ ನೀಡುವಾಗ ನಮ್ಮ ಸ್ಥಳೀಯ ಸಂಸ್ಥೆಗಳು ಎಷ್ಟು ಕಾರು ನಿಲ್ಲಬಲ್ಲವೆಂದು ನಕ್ಷೆಯಲ್ಲಿ ಅಳೆಯುತ್ತವಲ್ಲ, ಆ ಕಾರುಗಳಿಂದ ಇಳಿಯುವ ಚಾಲಕರ ಹಾಸಿಗೆಗಳನ್ನೂ ಅದೇ ಹಾಳೆಯಲ್ಲಿ ಎಣಿಸಲಿ. ಹೋಟೆಲ್ ಉದ್ಯಮ ಖರ್ಚಿನ ನೆಪ ಹೇಳುವಂತಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಸಲಾಗಿದೆ. ಹುಟ್ಟುವಳಿ ತೆರಿಗೆಯ ಮರುಪಾವತಿ ತಪ್ಪಿತೆಂದು ಉದ್ಯಮದವರು ಗೊಣಗಬಹುದು. ಹೆದ್ದಾರಿ ಬದಿಯ ಒಬ್ಬ ಲಾಜಿನವರು 1,100 ರೂಪಾಯಿ ಬಾಡಿಗೆಯಲ್ಲಿ ನಾಲ್ಕು ಮಂಚ ಹಾಕಬಲ್ಲರಾದರೆ ಮೀನಿನ ತೊಟ್ಟಿ ಇಟ್ಟವರಿಗೆ ಏನು ಕಷ್ಟ?

ಮರುದಿನ ಬೆಳಿಗ್ಗೆ ನಾವು ಕೆಳಗಿಳಿಯುವ ಮೊದಲೇ ಚಾಲಕರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕಾರಿನ ಗಾಜು ಒರೆಸುತ್ತಿದ್ದರು. ಅಮೀನಗಡದಲ್ಲಿ ಕರದಂಟು ಕೊಳ್ಳಲು ನಿಂತೆವು. ಐಹೊಳೆಯವರೆಗೂ ಅವರು ಹಾಡು ಗುನುಗುತ್ತಲೇ ಇದ್ದರು. ತಾಯಿ ಒಂದೆರಡು ಸಾಲಿಗೆ ದನಿಗೂಡಿಸಿದರು.

ಆ ರಾತ್ರಿಗೆ ಮುಂದಿನ ಊರಿನಲ್ಲಿ ಕೋಣೆ ಕಾಯ್ದಿರಿಸಲು ದೊಡ್ಡ ಹೋಟೆಲೊಂದಕ್ಕೆ ಫೋನ್ ಮಾಡಿದೆ. ಈ ಸಲ ಮರೆಯದೆ, ಡ್ರೈವರ್‌ಗೆ ಮಲಗಲು ಜಾಗ ಇದೆಯೇ ಎಂದು ಕೇಳಿದೆ. ಅತ್ತ ಕಡೆಯ ತರುಣ ಅರೆಕ್ಷಣ ಸುಮ್ಮನಿದ್ದು, ‘ಪಾರ್ಕಿಂಗ್ ಇದೆ ಸರ್’ ಎಂದ.