ಪಿಕಪ್ಪಿನ ಹಿಂಬಾಗಿಲು ಯಾರಿಗಾಗಿ?

ಬೆಳಗಿನ ಜಾವ ನಾಲ್ಕು ಗಂಟೆಗೆ ವಾಶಿಯ ಸಗಟು ಪೇಟೆಗೆ ಹೋಗಿ ಬಂದವರಿಗೆ ಒಂದು ಸದ್ದು ಪರಿಚಿತವಾಗಿರಲೇಬೇಕು. ಈರುಳ್ಳಿ ಚೀಲಗಳನ್ನು ಹೇರಿಕೊಂಡ ಪಿಕಪ್ಪೊಂದು ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಹಮಾಲನೊಬ್ಬನು ಕಲ್ಲಿನಿಂದಲೋ ಕಬ್ಬಿಣದ ತುಂಡಿನಿಂದಲೋ ಅದರ ಕೊಂಡಿಯನ್ನು ಮೇಲಕ್ಕೆ ಹೊಡೆಯುತ್ತಾನೆ. ದಾರಿಯುದ್ದಕ್ಕೂ ಚೀಲಗಳ ಒತ್ತಡವನ್ನು ಹೊತ್ತು ನಿಂತಿದ್ದ ಹಿಂಬಾಗಿಲು ಧಡಾರನೆ ಕೆಳಗೆ ಬೀಳುತ್ತದೆ. ಮುಂಬಯಿ, ಪುಣೆಗಳಲ್ಲಿ ಫಾಳಕಾ ಎಂದು ಕರೆಯುವುದು ಇದನ್ನೇ. ಅದು ಬೀಳುವ ಕ್ಷಣದಲ್ಲಿ ಹಮಾಲನು ಪಕ್ಕಕ್ಕೆ ಜಿಗಿಯುತ್ತಾನೆ. ಜಿಗಿಯುವುದು ಅವನ ಕಸುಬಿನ ಒಂದು ಅಂಗವೇ ಆಗಿಹೋಗಿದೆ. ಜಿಗಿಯಲು ತಡಮಾಡಿದವನ ಕಾಲಿನ ಹೆಬ್ಬೆರಳು ಕಪ್ಪಗೆ ಬಾತಿದ್ದುದನ್ನು ನಾವು ಒಮ್ಮೆ ಕಂಡೆವು. ಏನಾಯಿತು ತಮ್ಮಾ ಎಂದು ಕೇಳಿದರೆ, "ಫಾಳಕಾ ಬಿತ್ರೀ ಸಾಹೇಬ್ರ" ಎಂದು, ಮಳೆ ಬಂತು ಎನ್ನುವಷ್ಟೇ ಸಹಜವಾಗಿ ವಿಜಯಪುರದ ಮಾತಿನಲ್ಲಿ ಉತ್ತರ ಬಂದಿತು.

ಪಿಕಪ್ಪಿನ ಹಿಂಬಾಗಿಲಿನಂಥ ವಸ್ತುವಿಗಾಗಿ ಪತ್ರಿಕೆಯ ಇಷ್ಟೊಂದು ಸ್ಥಳವನ್ನು ವ್ಯಯಿಸುವುದು ಕೆಲವರಿಗೆ ಹಾಸ್ಯಾಸ್ಪದವಾಗಿ ತೋರಬಹುದು. ಆದರೆ ಈ ಮಹಾನಗರಗಳಲ್ಲಿ ನಮ್ಮವರು ನಡೆಸುವ ಹೋಟೆಲುಗಳಿಗೆ ಬರುವ ತರಕಾರಿಯಾಗಲಿ, ಅಕ್ಕಿಯಾಗಲಿ, ಅನಿಲದ ಸಿಲಿಂಡರುಗಳಾಗಲಿ ಬಹುಪಾಲು ಈ ಒಂದು ಹಲಗೆಯನ್ನು ದಾಟಿಯೇ ಬರಬೇಕು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆಂದು ಇಲ್ಲಿಗೆ ಬಂದಿರುವ ನಮ್ಮ ಜನರು ಸಿಮೆಂಟಿನ ಚೀಲಗಳನ್ನು ಬೆನ್ನಿಗೆ ಏರಿಸಿಕೊಳ್ಳುವುದೂ ಇದರ ಅಂಚಿನಿಂದಲೇ. ದಿನಕ್ಕೆ ನೂರಾರು ಸಲ ಮನುಷ್ಯನ ಮೈಗೆ ತಾಗುವ ಸಾಧನವೊಂದರ ರಚನೆಯ ಬಗ್ಗೆ ಯಾರೂ ಮಾತನಾಡದಿರುವುದೇ ನಮಗೆ ಸೋಜಿಗವಾಗಿ ಕಾಣುತ್ತದೆ.

ಅಮೇರಿಕೆಯಲ್ಲಿ ಮಾತ್ರ ಬೇಕಾದಷ್ಟು ಮಾತು ನಡೆದಿದೆ. ಅಲ್ಲಿ ಪಿಕಪ್ ಎಂಬುದು ಸರಕುಗಾಡಿಯೂ ಹೌದು, ಸಂಸಾರದ ಸವಾರಿಯೂ ಹೌದು. ಕೆಳ ಅಂಚಿನಲ್ಲಿ ಕೀಲುಗಳಿದ್ದು, ಬಿಚ್ಚಿದರೆ ನೆಲಕ್ಕೆ ಸಮಾನಾಂತರವಾಗಿ ಮಲಗುವ ಒಂದು ತಗಡಿನ ಫಲಕವೇ ಬಹುಕಾಲ ಅದರ ಹಿಂಬಾಗಿಲಾಗಿತ್ತು. ಕೆಳಕ್ಕೂ ಮಡಚಬಲ್ಲ, ಬಾಗಿಲಿನಂತೆ ಪಕ್ಕಕ್ಕೂ ತೆರೆಯಬಲ್ಲ ಫಲಕವನ್ನು ಫೋರ್ಡ್ ಕಂಪೆನಿಯು 1966ರ ಮಾದರಿಯ ಸ್ಟೇಷನ್ ವ್ಯಾಗನ್ ಕಾರುಗಳಲ್ಲಿ ತಂದಿತು. ಅದೇ ಉಪಾಯವನ್ನು ಹೋಂಡಾ ಕಂಪೆನಿಯು ತನ್ನ ರಿಜ್‌ಲೈನ್ ಪಿಕಪ್ಪಿನಲ್ಲಿ ಅಳವಡಿಸಿದ್ದು 2005ರಲ್ಲಿ. ಫಲಕದ ಒಳಗಿನಿಂದ ಮೆಟ್ಟಿಲನ್ನೂ ಕೈಹಿಡಿಕೆಯನ್ನೂ ಹೊರಗೆಳೆಯುವ ವ್ಯವಸ್ಥೆಯು ಫೋರ್ಡಿನ 2008ರ ಮಾದರಿಯ ದೊಡ್ಡ ಪಿಕಪ್ಪುಗಳಲ್ಲಿ ಬಂದಿತು. 2018ರಲ್ಲಿ ಜಿಎಂಸಿ ಕಂಪೆನಿಯು ಪ್ರಕಟಿಸಿದ ಹಿಂಬಾಗಿಲಂತೂ ಒಂದು ಚಿಕ್ಕ ಯಂತ್ರಪ್ರದರ್ಶನವೇ ಸರಿ: ದೊಡ್ಡ ಫಲಕದೊಳಗೆ ಒಂದು ಚಿಕ್ಕ ಫಲಕ, ಅದರ ಅಂಚಿನಲ್ಲಿ ಇನ್ನೊಂದು ಮಡಿಕೆ. ಒಂದು ಬಗೆಯಲ್ಲಿ ಮಡಚಿದರೆ ಸುಮಾರು 170 ಕಿಲೋ ಭಾರವನ್ನು ತಾಳುವ ಅಗಲವಾದ ಮೆಟ್ಟಿಲು, ಮತ್ತೊಂದು ಬಗೆಯಲ್ಲಿ ಉದ್ದನೆಯ ಮರದ ತುಂಡುಗಳು ಜಾರದಂತೆ ತಡೆಯುವ ಗೋಡೆ, ಬೇರೊಂದು ಬಗೆಯಲ್ಲಿ ನಿಂತು ಕೆಲಸ ಮಾಡುವ ಮೇಜು, ಹೀಗೆ ಒಟ್ಟು ಆರು ರೂಪಗಳು. ಮರುವರ್ಷ ರ‍್ಯಾಮ್ ಪಿಕಪ್ಪುಗಳಿಗೆ ಬಂದ ಬಾಗಿಲು ಅರವತ್ತಕ್ಕೆ ನಲವತ್ತರಂತೆ ಸೀಳಿಕೊಂಡು ಎರಡು ಕದಗಳಾಗಿ ತೆರೆಯುತ್ತಿತ್ತು. ಹಿಂಬಾಗಿಲಿನಲ್ಲಿ ಅಳತೆಪಟ್ಟಿ ಕೆತ್ತಿದವರಿದ್ದಾರೆ, ಪೆನ್ಸಿಲ್ ಇಡಲು ಗುಳಿ ಮಾಡಿದವರಿದ್ದಾರೆ. ಫುಟ್‌ಬಾಲ್ ಆಟಕ್ಕೆ ಮುಂಚೆ ಮೈದಾನದ ಹೊರಗೆ ಪಿಕಪ್ಪು ನಿಲ್ಲಿಸಿ ಉಂಡು ಕುಡಿಯುವವರ ಸಂತೋಷಕ್ಕಾಗಿ ಸಂಗೀತದ ಪೆಟ್ಟಿಗೆಯನ್ನು ಕೂರಿಸಿದವರೂ ಇದ್ದಾರೆ!

ಈ ಕೊನೆಯ ವಿಲಾಸವನ್ನು ಬದಿಗಿಟ್ಟರೆ, ಇಷ್ಟೆಲ್ಲ ಕಸರತ್ತಿನ ಹಿಂದಿರುವ ತೊಡಕು ಮುಖ್ಯವಾಗಿ ಒಂದೇ. ಅಡ್ಡಲಾಗಿ ಮಲಗಿದ ಫಲಕವು ಮನುಷ್ಯನನ್ನು ಸರಕಿನಿಂದ ಒಂದು ತೋಳಿನಷ್ಟು ದೂರ ನಿಲ್ಲಿಸುತ್ತದೆ. ಆ ಅಂತರವನ್ನು ದಾಟಿ ಭಾರವನ್ನು ತನ್ನೆಡೆಗೆ ಸೆಳೆಯುವಾಗ ಬೆನ್ನು ಬಗ್ಗುತ್ತದೆ. ಬಗ್ಗಿದ ಬೆನ್ನಿನಿಂದ ಚಾಚಿದ ಕೈಗಳಲ್ಲಿ ಎತ್ತಿದ ಭಾರವು ನಡುವನ್ನು ಮುರಿಯುವಷ್ಟು ಬೇರೆ ಯಾವುದೂ ಮುರಿಯಲಾರದು. ಫಲಕವನ್ನು ಪಕ್ಕಕ್ಕೆ ತೆರೆದದ್ದು, ಸೀಳಿದ್ದು, ಒಳಗೊಂದು ಮಡಿಕೆ ಮಾಡಿದ್ದು ಎಲ್ಲವೂ ಮನುಷ್ಯನು ಸರಕಿನ ಸಮೀಪಕ್ಕೆ ಬರಲೆಂದೇ.

ಈ ದೃಷ್ಟಿಯಿಂದ ನಮ್ಮ ಫಾಳಕಾವನ್ನು ನೋಡಿದಾಗ ಒಂದು ವಿನೋದದ ಸಂಗತಿ ಹೊಳೆಯುತ್ತದೆ. ನಮ್ಮದು ಅಡ್ಡ ಮಲಗುವುದಿಲ್ಲ. ಸರಪಳಿ ತಗುಲಿಸದಿದ್ದರೆ ಪೂರ್ತಿ ಕೆಳಗೆ ಜೋತುಬೀಳುತ್ತದೆ. ಹಮಾಲನು ಗಾಡಿಯ ಅಂಚಿಗೆ ಬೆನ್ನು ತಾಗಿಸಿ ನಿಲ್ಲುತ್ತಾನೆ; ಮೇಲಿರುವವನು ಚೀಲವನ್ನು ಅವನ ಹೆಗಲ ಮೇಲಕ್ಕೆ ಜಾರಿಸುತ್ತಾನೆ; ಬಗ್ಗಿ ಎತ್ತುವ ಪ್ರಮೇಯವೇ ಇಲ್ಲ. ಇಷ್ಟು ಸಾಲದೆಂಬಂತೆ ಎಡಬಲದ ಹಲಗೆಗಳೂ ಬಿಚ್ಚಿಕೊಳ್ಳುವುದರಿಂದ, ಇಕ್ಕಟ್ಟಾದ ಗಲ್ಲಿಯಲ್ಲಿ ಯಾವ ಮಗ್ಗುಲಿನಿಂದ ಬೇಕಾದರೂ ಸರಕು ಇಳಿಸಬಹುದು. ಫೋಕ್ಸ್‌ವ್ಯಾಗನ್ ಕಂಪೆನಿಯು 1952ರಲ್ಲಿ ಹೊರತಂದ ಪಿಕಪ್ಪಿನಲ್ಲಿ ಈ ಮೂರು ಮಗ್ಗುಲಿನ ರಚನೆಯಿತ್ತು. ಜಪಾನಿನ ರೈತರ ಪುಟ್ಟ ಗಾಡಿಗಳು ಇಂದಿಗೂ ಅದನ್ನೇ ಬಳಸುತ್ತವೆ. 2005ರಲ್ಲಿ ಟಾಟಾ ಏಸ್ ಬಂದು ಛೋಟಾ ಹಾಥಿ ಎಂಬ ಅಡ್ಡಹೆಸರಿನಿಂದ ದೇಶದ ಗಲ್ಲಿಗಲ್ಲಿಗಳನ್ನು ಹೊಕ್ಕಿತು. (ಗೋರೆಗಾಂವಿಯ ಕಾರಖಾನೆಯಲ್ಲಿ 1958ರಲ್ಲಿ ಮೂರು ಗಾಲಿಯ ಸರಕುಗಾಡಿಯನ್ನು ತಯಾರಿಸತೊಡಗಿ, ಟೆಂಪೋ ಎಂಬ ಜರ್ಮನ್ ಹೆಸರನ್ನು ನಮ್ಮೆಲ್ಲರ ಬಾಯಿಗೆ ಹತ್ತಿಸಿದ ಬಜಾಜ್ ಟೆಂಪೋ ಕಂಪೆನಿಯು ಅದೇ 2005ರಲ್ಲಿ ಆ ಹೆಸರನ್ನು ಕಳಚಿ ಫೋರ್ಸ್ ಮೋಟರ್ಸ್ ಆಯಿತು. ಹೆಸರು ಹೋದರೂ ಜನರ ಬಾಯಿಂದ ಟೆಂಪೋ ಹೋಗಲಿಲ್ಲ.) ಅಮೇರಿಕದವರು ಆರು ಮಡಿಕೆಗಳಿಂದ ಸಾಧಿಸಿದ್ದರಲ್ಲಿ ಅರ್ಧದಷ್ಟನ್ನು ನಮ್ಮ ಸಾದಾ ಹಲಗೆಯು ಮೊದಲಿನಿಂದಲೂ ಮಾಡುತ್ತ ಬಂದಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಹಾಗಾದರೆ ನಮ್ಮ ದೂರು ಏನು? ಉಳಿದ ಅರ್ಧವನ್ನು ಯಾರೂ ಮಾಡಲಿಲ್ಲ ಎಂಬುದೇ ದೂರು. ಅದಕ್ಕೆ ಕಾರಣವು ಹಣದ ಕೊರತೆಯಲ್ಲ, ಬುದ್ಧಿಯ ಕೊರತೆಯಂತೂ ಅಲ್ಲ. ಅಮೇರಿಕೆಯಲ್ಲಿ ಪಿಕಪ್ಪನ್ನು ಕೊಳ್ಳುವವನೇ ಅನೇಕ ವೇಳೆ ಅದನ್ನು ಓಡಿಸುತ್ತಾನೆ, ಅವನೇ ಹೇರುತ್ತಾನೆ, ಅವನೇ ಇಳಿಸುತ್ತಾನೆ. ಅವನ ನಡು ನೋಯತೊಡಗಿದರೆ ಅದು ಕಂಪೆನಿಯ ಕಿವಿಗೆ ಬೀಳುತ್ತದೆ, ಏಕೆಂದರೆ ಆ ನಡುವಿನ ಪಕ್ಕದಲ್ಲಿಯೇ ಹಣದ ಚೀಲವೂ ಇರುತ್ತದೆ. ನಮ್ಮಲ್ಲಿಯಾದರೋ ಕೊಳ್ಳುವವನು ಒಬ್ಬ, ಓಡಿಸುವವನು ಇನ್ನೊಬ್ಬ, ಹೊರುವವನು ಮತ್ತೊಬ್ಬ. ಮೊದಲಿನವನು ಮೈಲೇಜು, ಸಾಲದ ಕಂತು, ಎಷ್ಟು ಟನ್ನು ಹಿಡಿದೀತು ಎಂಬುದನ್ನು ವಿಚಾರಿಸುತ್ತಾನೆ. ಎರಡನೆಯವನು ಕ್ಲಚ್ಚು ಗೇರುಗಳನ್ನು ನೋಡುತ್ತಾನೆ. ಯಾವನ ಮೈಯಿಗೂ ಹಿಂಬಾಗಿಲಿಗೂ ನಿತ್ಯದ ಸಂಬಂಧವಿದೆಯೋ ಅವನು ಶೋರೂಮಿನ ಗಾಜಿನ ಬಾಗಿಲನ್ನು ಎಂದೂ ದಾಟುವುದಿಲ್ಲ. ಮಹಾರಾಷ್ಟ್ರದಲ್ಲಿ ಮಾಥಾಡಿ ಮತ್ತು ಹಮಾಲ ಕಾರ್ಮಿಕರಿಗಾಗಿ 1969ರಷ್ಟು ಹಿಂದೆಯೇ ಕಾಯದೆ ಬಂದಿತು. ಪ್ರಾಯದ ಗಂಡಾಳೊಬ್ಬನು ಹೊರುವ ಭಾರವು 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಭಾರದ ವಿಚಾರ, ಕೂಲಿಯ ವಿಚಾರ ಎರಡೂ ಚರ್ಚೆಗೆ ಬಂದವು. ಭಾರವನ್ನು ಇಳಿಸುವ ಬಾಗಿಲಿನ ವಿಚಾರ ಮಾತ್ರ ಬರಲಿಲ್ಲ.

ಮೊದಲನೆಯದು ಕೊಂಡಿ. ಸರಕು ಒಳಗಿನಿಂದ ಒತ್ತುತ್ತಿರುವಾಗ ಅದು ಕೈಗೆ ಬಿಚ್ಚುವುದಿಲ್ಲ, ಆದುದರಿಂದಲೇ ಕಲ್ಲು. ಎರಡು ತುದಿಗಳಲ್ಲಿ ಎರಡು ಕೊಂಡಿಗಳಿರುವುದರಿಂದ ಒಬ್ಬನೇ ಇದ್ದಾಗ ಒಂದನ್ನು ಬಿಚ್ಚಿ ಇನ್ನೊಂದರ ಕಡೆಗೆ ಓಡಬೇಕು, ಅಷ್ಟರಲ್ಲಿ ಹಲಗೆ ಸೊಟ್ಟಗಾಗಿ ಎರಡನೆಯ ಕೊಂಡಿ ಇನ್ನಷ್ಟು ಬಿಗಿಯುತ್ತದೆ. ಕಾರಿನ ಮುಂದಿನ ಬಾನೆಟ್ಟನ್ನು ನೆನೆಸಿಕೊಳ್ಳಿ. ಸನ್ನೆ ಎಳೆದೊಡನೆ ಅದು ಒಂದು ಬೆರಳಿನಷ್ಟೇ ಮೇಲೇಳುತ್ತದೆ. ಎರಡನೆಯ ತಡೆಯನ್ನು ಸರಿಸಿದ ಮೇಲೆಯೇ ಪೂರ್ತಿ ತೆರೆಯುತ್ತದೆ. ಅದೇ ಎರಡು ಹಂತದ ತಡೆ ಫಾಳಕಾಕ್ಕೂ ಏಕಿರಬಾರದು? ಮೊದಲ ಹಂತದಲ್ಲಿ ಒತ್ತಡ ಸಡಿಲಿ, ಯಾವ ಚೀಲ ಉರುಳಲಿದೆಯೆಂಬುದು ಕಣ್ಣಿಗೆ ಕಂಡೀತು. ಬಿಚ್ಚುವ ಹಿಡಿಯನ್ನು ಹಿಂದುಗಡೆಯ ಬದಲು ಮಗ್ಗುಲಿಗೆ ಇಟ್ಟು, ಒಂದೇ ಸರಳಿನಿಂದ ಎರಡೂ ತುದಿಗಳು ಬಿಡುವಂತೆ ಮಾಡಿದರೆ ಮನುಷ್ಯನು ಬೀಳುವ ಹಲಗೆಯ ಎದುರಿಗೆ ನಿಲ್ಲುವ ಅಗತ್ಯವೇ ಇರದು. ಕೀಲಿನ ಉದ್ದಕ್ಕೆ ತಿರುಚುವ ಉಕ್ಕಿನ ಕಡ್ಡಿಯೊಂದನ್ನು ಕೂರಿಸಿದರೆ ಬೀಳುವ ವೇಗವೂ ತಗ್ಗುತ್ತದೆ, ಎತ್ತುವ ಶ್ರಮವೂ ತಗ್ಗುತ್ತದೆ.

ಎರಡನೆಯದು ಹತ್ತುವ ದಾರಿ. ಪುಣೆಯ ಹೊರವಲಯದ ಕಟ್ಟಡವೊಂದರ ಬಳಿ, ಸೀರೆಯ ಸೆರಗನ್ನು ನಡುವಿಗೆ ಸಿಕ್ಕಿಸಿದ ಹೆಣ್ಣುಮಗಳೊಬ್ಬಳು ಗಾಲಿಯ ಮೇಲೆ ಒಂದು ಪಾದ, ಜೋತುಬಿದ್ದ ಕೊಂಡಿಯ ಮೇಲೆ ಇನ್ನೊಂದು ಪಾದ ಇಟ್ಟು ಗಾಡಿಯನ್ನು ಹತ್ತುತ್ತಿದ್ದುದನ್ನು ನಾವು ನೋಡಿದೆವು. ಹತ್ತುವುದಾದರೂ ಹೇಗೋ ಆದೀತು. ಇಳಿಯುವಾಗ ಅವಳು ಧುಮುಕಿದಳು. ಅಮೇರಿಕದ ಆರು ರೂಪಗಳಲ್ಲಿ ನಾವು ಒಂದನ್ನೇ ಎರವಲು ಪಡೆಯುವುದಾದರೆ ಅದು ಮೆಟ್ಟಿಲೇ ಆಗಬೇಕು. ಅದಕ್ಕೆ ಫಲಕದೊಳಗಿನ ಜಾದು ಬೇಕಿಲ್ಲ. ಗಾಡಿಯ ಹಿಂದಿನ ಅಡ್ಡಪಟ್ಟಿಯ ಕೆಳಗೆ ಮಡಚಿ ಇಡಬಹುದಾದ ಒಂದು ಕೊಳವೆಯ ಮೆಟ್ಟಿಲು, ಮೂಲೆಯ ಕಂಬಕ್ಕೆ ಒಂದು ಹಿಡಿ, ಇಷ್ಟಾದರೆ ಸಾಕು.

ಮೂರನೆಯ ವಿಷಯವು ಹಮಾಲನದಲ್ಲ, ರಸ್ತೆಯ ಮೇಲಿರುವ ನಮ್ಮೆಲ್ಲರದು. ಪೂರ್ತಿ ಜೋತುಬೀಳುವ ಫಾಳಕಾ ಅನೇಕ ಗಾಡಿಗಳಲ್ಲಿ ಹಿಂದಿನ ದೀಪಗಳನ್ನೂ ನಂಬರಿನ ಫಲಕವನ್ನೂ ಮರೆಮಾಡುತ್ತದೆ. ಕಬ್ಬಿಣದ ಸರಳುಗಳನ್ನೋ ಕೊಳವೆಗಳನ್ನೋ ಹೇರಿದಾಗ ಬಾಗಿಲನ್ನು ತೆರೆದೇ ಓಡಿಸುವ ಚಾಳಿ ನಮ್ಮಲ್ಲಿದೆ. ಗಾಡಿಯಿಂದ ಹೊರಚಾಚಿದ ಸರಕನ್ನು ನಿಷೇಧಿಸಿ ಕೇಂದ್ರ ಸರಕಾರವು 2014ರಲ್ಲಿ ನಿಯಮವನ್ನು ತಿದ್ದಿತು. ಆದರೂ ರಾತ್ರಿಯ ಹೆದ್ದಾರಿಯಲ್ಲಿ ದೀಪವಿಲ್ಲದ ಸರಳುಗಳ ತುದಿಯನ್ನು ಕಾಣದ ಪ್ರಯಾಣಿಕರು ವಿರಳ. ದೀಪಗಳನ್ನು ಮೂಲೆಯ ಕಂಬಗಳಿಗೆ ಏರಿಸಿದರೆ ಬಾಗಿಲು ಹೇಗೆ ಜೋತರೂ ಬೆಳಕು ಕಾಣುತ್ತದೆ. ಇದು ನಾವು ಕಂಡುಹಿಡಿದ ಹೊಸ ವಿದ್ಯೆಯಲ್ಲ, ಅಮೇರಿಕದ ಪಿಕಪ್ಪುಗಳಲ್ಲಿ ಬಹುಕಾಲದಿಂದ ಇರುವ ರೂಢಿ.

ಇಳಿಜಾರಿನ ಹಲಗೆಯ ಬಗೆಗೂ ಒಂದು ಮಾತು. ಹಿಂಬಾಗಿಲೇ ನೆಲದವರೆಗೆ ಚಾಚಿ ಇಳಿಜಾರಾಗಬೇಕೆಂದು ಕೆಲವರು ಬಯಸುತ್ತಾರೆ. ಗಿಡ್ಡನೆಯ ಹಲಗೆ, ಎತ್ತರದ ನೆಲಗಟ್ಟು, ಲೆಕ್ಕ ಕೂಡುವುದಿಲ್ಲ. ಷೆವರ್ಲೆ ಕಂಪೆನಿಯ 1961ರ ಕೊರ್ವೇರ್ ಪಿಕಪ್ಪಿನಲ್ಲಿ ಮಗ್ಗುಲಿನ ಹಲಗೆಯು ಇಳಿಜಾರಾಗುತ್ತಿದ್ದುದು ನಿಜ. ಆದರೆ ಅಲ್ಲಿ ಯಂತ್ರವು ಹಿಂಭಾಗದಲ್ಲಿದ್ದು, ನಡುವಿನ ನೆಲಗಟ್ಟು ತೀರ ತಗ್ಗಿನಲ್ಲಿತ್ತು. ನಮ್ಮ ಗಾಡಿಗಳಿಗೆ ನೆಲಗಟ್ಟಿನ ಅಡಿಯಲ್ಲಿ ಎರಡು ಉದ್ದನೆಯ ಹಲಗೆಗಳನ್ನು ತೂರಿಸಿಡಲು ಒಂದು ಗೂಡು, ಅವು ಜಾರದಂತೆ ಅಂಚಿನಲ್ಲೊಂದು ತೋಡು ಇದ್ದರೆ ಪೀಪಾಯಿಯೂ ಶೀತಕದ ಪೆಟ್ಟಿಗೆಯೂ ಉರುಳಿಕೊಂಡು ಇಳಿದಾವು.

ಗುಂಡಿ ಒತ್ತಿದರೆ ತಾನಾಗಿ ತೆರೆಯುವ ವಿದ್ಯುತ್ ಬೀಗಗಳ ಮೋಹ ಮಾತ್ರ ನಮಗೆ ಬೇಡ. ಅಮೇರಿಕದ ದೊಡ್ಡ ಕಂಪೆನಿಯೊಂದು 2024ರಲ್ಲಿ ಮೂರು ಲಕ್ಷಕ್ಕೂ ಮೀರಿದ ಪಿಕಪ್ಪುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಸಬೇಕಾಯಿತು. ಗುಂಡಿಯೊಳಗೆ ನೀರು ಇಳಿದು, ಹಿಂಬಾಗಿಲು ಯಾರೂ ಹೇಳದೆಯೇ ಬಿಚ್ಚಿಕೊಳ್ಳುವ ಸಂಭವವಿದ್ದುದೇ ಕಾರಣ. ಮುಂಬಯಿಯ ಜುಲೈ ತಿಂಗಳನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆಲ್ಲ ಖರ್ಚಾಗುತ್ತದೆ, ಭಾರ ಹೆಚ್ಚುತ್ತದೆ, ಹೆಚ್ಚಿದ ಭಾರದಷ್ಟು ಸರಕು ಕಡಮೆಯಾಗುತ್ತದೆ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಚಿಕ್ಕ ಗಾಡಿಯ ಒಡೆಯನಿಗೆ ಹತ್ತು ಕಿಲೋ ಎಂದರೂ ಹತ್ತು ಕಿಲೋವೇ. ಆ ಕಾರಣಕ್ಕಾಗಿಯೇ ಜಲಶಕ್ತಿಯಿಂದ ಮೇಲೇರಿ ಇಳಿಯುವ ಭಾರೀ ವೇದಿಕೆಗಳನ್ನು ನಾವು ಸೂಚಿಸುತ್ತಿಲ್ಲ. ಮೇಲೆ ಹೇಳಿದ ಸರಳು, ಕೊಳವೆ, ತಡೆ ಯಾವುದೂ ಸಾಮಾನ್ಯ ಬಾಡಿ ಕಟ್ಟುವ ಗ್ಯಾರೇಜಿನ ಶಕ್ತಿಗೆ ಮೀರಿದ್ದಲ್ಲ. ಸರಕುಗಾಡಿಗಳ ಬಾಡಿಯ ರಚನೆಗೆ ಎಐಎಸ್ 093 ಎಂಬ ಸಂಹಿತೆಯೊಂದು ದೇಶದಲ್ಲಿದೆ. ಅದನ್ನು ಪರಿಷ್ಕರಿಸುವ ಅಧಿಕಾರಿಗಳು ಒಮ್ಮೆಯಾದರೂ ನಸುಕಿನಲ್ಲಿ ವಾಶಿಗೆ ಹೋಗಿ, ಹಮಾಲನ ಪಾದವನ್ನು ಎದುರಿಗೆ ಇಟ್ಟುಕೊಂಡು ಅದರ ಪುಟಗಳನ್ನು ಓದಬೇಕೆಂದು ನಾವು ಬಿನ್ನವಿಸುತ್ತೇವೆ.

ಅದಕ್ಕೂ ಮುನ್ನ ನಮ್ಮ ವಾಚಕರಲ್ಲಿ ಹೋಟೆಲು ನಡೆಸುವವರು, ಸಾಗಣೆಯ ವ್ಯಾಪಾರದಲ್ಲಿರುವವರು ಅನೇಕರಿದ್ದಾರೆ. ಹೊಸ ಪಿಕಪ್ಪಿಗೆ ಮುಂಗಡ ಕೊಡಲು ಹೋಗುವ ದಿನ ತಮ್ಮ ಸರಕು ಇಳಿಸುವ ಆಳೊಬ್ಬನನ್ನು ಅವರು ಜೊತೆಗೆ ಕರೆದುಕೊಂಡು ಹೋಗಲಿ. ಅವನು ಹಿಂಬಾಗಿಲನ್ನು ನಾಲ್ಕು ಸಲ ಬಿಚ್ಚಿ ಹಾಕಲಿ, ಹತ್ತಿ ಇಳಿಯಲಿ; ಅವನು ಏನೆನ್ನುತ್ತಾನೆಂಬುದನ್ನು ಮಾರುವವನೂ ಕೇಳಿಸಿಕೊಳ್ಳಲಿ. ನೋಂದಣಿಯಾದ ಗಾಡಿಯ ರಚನೆಯನ್ನು ಬದಲಿಸಹೊರಟರೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕಾದೀತಾದ್ದರಿಂದ, ಮೆಟ್ಟಿಲು, ಹಿಡಿ, ಎರಡನೆಯ ತಡೆಗಳನ್ನು ಬಾಡಿ ಕಟ್ಟಿಸುವಾಗಲೇ ಕೇಳಿ ಹಾಕಿಸಿಕೊಳ್ಳುವುದು ಲೇಸು.