ತಕ್ಕಡಿಗೆ ಮುದ್ರೆ ಇದೆ, ಸ್ಪೀಕರಿಗೆ?

ರಾಂಪುರದ ವ್ಯಾಪಾರಿಗಳನ್ನು ಒಂದು ಮಾತು ಕೇಳೋಣ. ತಕ್ಕಡಿ ಸರಿಯಿದೆ, ಮುದ್ರೆಯೂ ಬಿದ್ದಿದೆ. ಆದರೆ ಅದನ್ನಿಟ್ಟ ಹಲಗೆಯೇ ವಾರೆಯಾಗಿದ್ದರೆ ತೂಕ ಸರಿ ಬಂದೀತೆ? ಬರೋದಿಲ್ಲ. ಗಿರಾಕಿ ಸುಮ್ಮನಿರುತ್ತಾನೆಯೇ? ಅವನೂ ಇರೋದಿಲ್ಲ.

ಹಾಡಿನ ರೆಕಾರ್ಡಿಂಗಿಗೂ ಇದೇ ನ್ಯಾಯ. ಒಂದು ಕಾಲಕ್ಕೆ ಕನ್ನಡದ ಸಿನಿಮಾ ಹಾಡಿಗೆ ಮದರಾಸಿನ ರೈಲು ಹತ್ತಬೇಕಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಈಗ ಒಂದು ಕಂಪ್ಯೂಟರು, ಒಂದು ಮೈಕು, ಹತ್ತಡಿ ಕೋಣೆ ಇದ್ದರೆ ಅದೇ ಸ್ಟುಡಿಯೋ. ಒಳ್ಳೆಯದೇ ಆಯಿತು. ಆದರೆ ಹಾಗೆ ತಯಾರಾದ ದೇವರ ಪದವನ್ನು ಬಳ್ಳಾರಿ–ಚಳ್ಳಕೆರೆ ಬಸ್ಸಿನಲ್ಲಿ ಕೂತು ಕೇಳಿ. ಒಂದರಲ್ಲಿ ಉರುಮೆ ಗುಂಯ್‌ಗುಡುತ್ತೆ, ಪದವೇ ತಿಳಿಯೋದಿಲ್ಲ. ಇನ್ನೊಂದರಲ್ಲಿ ಉರುಮೆ ಇದೆಯೋ ಇಲ್ಲವೋ! ನಾವು ಡ್ರೈವರನ್ನು ಬೈಯುತ್ತೇವೆ. ಎಷ್ಟೋ ಸಲ ತಪ್ಪು ಆ ಹತ್ತಡಿ ಕೋಣೆಯದು.

ಲೆಕ್ಕ ಸರಳ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಓಡುತ್ತೆ. ಹತ್ತಡಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹೋಗಿ ಬರಲು 20 ಅಡಿ. ಅಂದರೆ ಸೆಕೆಂಡಿಗೆ 56 ಸಲ ಅದುರುವ ದಪ್ಪ ದನಿ ಅಲ್ಲಿ ತನ್ನ ಮೇಲೆ ತಾನೇ ಸವಾರಿ ಮಾಡುತ್ತೆ. ಗೋಡೆ ಹತ್ತಿರ ಉಬ್ಬುತ್ತೆ, ನಟ್ಟನಡುವೆ ಸಾಯುತ್ತೆ. ಹಾಡು ತಿದ್ದುವವನು ಎಲ್ಲಿ ಕೂತಿದ್ದಾನೋ ಅದೇ ಅವನಿಗೆ ಸತ್ಯ!

ಇದಕ್ಕೇ ಲೆಕ್ಕ ಹಾಕುವ ಸ್ಪೀಕರುಗಳು ಬಂದಿವೆ. 1978ರಲ್ಲಿ ಶುರುವಾದ ಫಿನ್ಲೆಂಡಿನ ಜೆನೆಲೆಕ್ ಕಂಪನಿ 2006ರಲ್ಲೇ ಅಂಥವನ್ನು ತಂದಿತು. ಕೂರುವ ಜಾಗದಲ್ಲಿ ಅಳತೆ ಮೈಕು ಇಡಬೇಕು. ಸ್ಪೀಕರು ಒಂದು ರಾಗ ಎಳೆಯುತ್ತೆ, ಕೋಣೆ ಎಲ್ಲಿ ಉಬ್ಬಿಸಿತೆಂದು ಮೈಕು ಹೇಳುತ್ತೆ, ಒಳಗಿನ ಯಂತ್ರ ಅಷ್ಟನ್ನು ಕತ್ತರಿಸುತ್ತೆ.

ಹಾಗಂತ ಮಂತ್ರವೇನಲ್ಲ. ಉಬ್ಬಿದ್ದನ್ನು ಇಳಿಸಬಹುದು, ಸತ್ತ ದನಿಯನ್ನು ಎಬ್ಬಿಸಲಾಗದು. ಅಲ್ಲಿ ಕುರ್ಚಿಯನ್ನೇ ಸರಿಸಬೇಕು. ನಮ್ಮ ಚಳ್ಳಕೆರೆ ಕಂಬಳಿ ಗೋಡೆಗೆ ಹಾಕಿದರೆ ಚಪ್ಪಾಳೆಯ ಮಾರ್ದನಿ ನಿಂತೀತು, ಉರುಮೆಯ ಗುಂಯ್ ನಿಲ್ಲದು. ಅದಕ್ಕೆ ಮೂಲೆಗಳಲ್ಲಿ ದಪ್ಪ ಹಾಸಿಗೆಯೇ ಬೇಕು.

ಇಷ್ಟೆಲ್ಲ ಯಾಕೆ ಅಂತೀರಾ? ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದ ಬರುತ್ತಿದ್ದವು. ಕೃಷ್ಣಮೂರ್ತಿ ಹನೂರರು ಬರೆದುಕೊಂಡರು, ನಾಡೋಜ ಗೌರವವೂ ಬಂತು. ಈಗ ಆ ಅಜ್ಜಿ ಇಲ್ಲ. ಹಟ್ಟಿಗಳಲ್ಲಿ ಉಳಿದ ಹಿರಿಯರನ್ನೂ ‘ಇನ್ನೊಮ್ಮೆ ಹಾಡಿ’ ಎಂದು ಎಷ್ಟು ವರ್ಷ ಕೇಳಬಲ್ಲೆವು? ಕೆಟ್ಟ ಕೋಣೆಯಲ್ಲಿ ತಿದ್ದಿ, ಮೂಲ ಪ್ರತಿ ಅಳಿಸಿಬಿಟ್ಟರೆ ಮುಗಿಯಿತು.

ಇಂಥ ಸ್ಪೀಕರು ಲಕ್ಷದ ಲೆಕ್ಕದ ಮಾತು. ಪ್ರತಿಯೊಬ್ಬ ಹುಡುಗನೂ ಸಾಲ ಮಾಡಬೇಕಿಲ್ಲ. ರಾಂಪುರದಲ್ಲಿ ಒಂದು ಕೋಣೆ, ಒಂದು ಜೊತೆ ಸ್ಪೀಕರು, ಒಂದು ಅಳತೆ ಮೈಕು ಸಾಕು. ಸುತ್ತಲ ಹಳ್ಳಿಯವರು ಸರದಿಯಲ್ಲಿ ಬಂದು ಹಾಡು ತಿದ್ದಿಕೊಳ್ಳಲಿ. ಅರ್ಧ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡಲಿ, ಅರ್ಧ ಪೇಟೆಯವರು ಹಾಕೋಣ. ಎದೆ ನಡುಗಿಸುವ ಡಬ್ಬಿಗಳಿಗೆ ಚಂದಾ ಎತ್ತುವ ನಮಗೆ ಇದೇನು ಭಾರವಲ್ಲ. ಅಜ್ಜಿಯರ ದನಿಯನ್ನು ತೂಗುವ ತಕ್ಕಡಿಯಾದರೂ ನೆಟ್ಟಗಿರಲಿ.