ಗುಡಿಗಷ್ಟೇ ಏಕೆ ಬೇಲಿ?

ನಮ್ಮ ಮುಂಡರಗಿ ತಾಲೂಕಿನ ಡಂಬಳದಲ್ಲಿರುವ ನಕ್ಷತ್ರಾಕಾರದ ದೊಡ್ಡಬಸಪ್ಪ ದೇವಾಲಯಕ್ಕೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ, ಇರಬೇಕಾದದ್ದೇ. ಆದರೆ ಹಿರೇವಡ್ಡಟ್ಟಿಯಂಥ ಊರುಗಳಿಂದ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಗದಗಿಗೆ ಹೋಗುತ್ತಿದ್ದ ನಮ್ಮ ಹಿರಿಯರು ಕಂಡ ದಲಾಲಿ ಅಂಗಡಿಗಳಿಗೆ, ಜಿನ್ನಿಂಗ್ ಕಾರ್ಖಾನೆಗಳಿಗೆ ಯಾರ ರಕ್ಷಣೆಯಿದೆ?

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬಾರದಾದಾಗ ನಮ್ಮ ಎರೆಹೊಲದ ಬೆಳೆಗೆ ಬೆಲೆ ಏರಿತು. ವ್ಯಾಪಾರದ ಇಂಥ ಏರಿಳಿತಗಳನ್ನು ಶಿಲಾಶಾಸನದಲ್ಲಿ ಹುಡುಕಿ ಫಲವಿಲ್ಲ. ಅಂಗಡಿಯ ಕಿರ್ದಿ-ಖಾತೆಗಳಲ್ಲಿ ಹುಡುಕಬೇಕು.

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದಲ್ಲಿಯೇ ಮೊದಲನೆಯದೆಂದು ನಾವು ಹೆಮ್ಮೆಪಡುತ್ತೇವೆ. ಆ ಸಂಘ ಬೆಳೆದುದು ಸಾಹುಕಾರನ ಬಡ್ಡಿಗೆ ಎದುರಾಗಿ. ಹಾಗಾದರೆ ಸಾಹುಕಾರನ ಅಂಗಡಿಯೂ ಒಂದಾದರೂ ಉಳಿಯಬೇಕು (ನಗಬೇಡಿ!). ಅದನ್ನು ಕಾಣದ ಹುಡುಗನಿಗೆ ಸಂಘ ಏಕೆ ಬೇಕಾಯಿತೆಂಬುದನ್ನು ಹೇಗೆ ತಿಳಿಸಲಿ?

“ಮಾಳಿಗೆ ಸೋರತೈತ್ರಿ ಸರ್, ಅಣ್ಣತಮ್ಮಂದಿರೊಳಗ ಪಾಲಾಗೇತಿ, ರಿಪೇರಿಗೆ ರೊಕ್ಕ ಯಾರು ಕೊಡ್ತಾರ?” ಎಂದು ಶಿಷ್ಯನೊಬ್ಬ ಕೇಳಿದ. ನ್ಯಾಯವಾದ ಮಾತು. ಬೀಳುವ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸಿ ಚರಿತ್ರೆ ಉಳಿಸಿರೆಂದು ನಾನು ಹೇಳಲಾರೆ. ಕೆಡಹುವ ಮುನ್ನ ಕಟ್ಟಡದ ಅಳತೆ, ಛಾಯಾಚಿತ್ರಗಳನ್ನಾದರೂ ತೆಗೆದಿಡಿ. ಅಟ್ಟದ ಮೇಲಿನ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರಿಗೆ ತೋರಿಸಿ. ಮೋಡಿ ಲಿಪಿಯಲ್ಲಿದ್ದರಂತೂ ಬೇಗನೆ ತೋರಿಸಿ. ಅದನ್ನು ಓದಬಲ್ಲವರು ಈಗಲೇ ವಿರಳ.